ಕೀಲಿಮಣೆ ಬಿಟ್ಟ ಮಾಸ್ತರರು

ಗುರುಸಿದ್ದಪ್ಪ ಮಾಸ್ತರರ ಎದುರು ಕುಳಿತು ಮಾತಾಡುವಾಗ ಅವರ ಮುಖ ನೋಡಬೇಕೋ ತೊಡೆ ನೋಡಬೇಕೋ ತಿಳಿಯುತ್ತಿರಲಿಲ್ಲ. ನಾವು ಆಡಿದ ಮಾತನ್ನೆಲ್ಲ ಅವರ ಬೆರಳುಗಳು ತೊಡೆಯ ಮೇಲೆ ಟೈಪು ಮಾಡುತ್ತಿದ್ದವು. ಧೋತರದ ಮೇಲೆ ಬೆರಳುಗಳು ಸಾಲಾಗಿ ಕೂತಿರುತ್ತಿದ್ದವು. ಮಾತು ಶುರುವಾದೊಡನೆ ಒಂದೊಂದಾಗಿ ಎದ್ದು ಬೀಳುತ್ತಿದ್ದವು. ನಾವು ಉಸಿರು ತೆಗೆದುಕೊಂಡಲ್ಲಿ ಹೆಬ್ಬೆರಳು ಮೆಲ್ಲಗೆ ತಟ್ಟಿ ಜಾಗ ಬಿಡುತ್ತಿತ್ತು. ಬಸ್ಸಿನಲ್ಲಿ ಮುಂದಿನ ಸೀಟಿನ ಬೆನ್ನ ಮೇಲೆ, ಊಟಕ್ಕೆ ಕೂತಾಗ ತಾಟಿನ ಅಂಚಿನ ಮೇಲೆ, ಯಾರಾದರೂ ಸತ್ತ ಮನೆಯಲ್ಲಿ ಮೊಣಕಾಲ ಮೇಲೆ, ಎಲ್ಲೆಲ್ಲೂ ಇದೇ ಕೆಲಸ. ಹೊಸಬರು ಇದನ್ನು ನೋಡಿ, ಇವರು ನಮ್ಮ ಮಾತನ್ನು ಎಷ್ಟು ಗಮನವಿಟ್ಟು ಕೇಳುತ್ತಾರೆ ಎಂದುಕೊಳ್ಳುತ್ತಿದ್ದರು. ನಾನೂ ಮೊದಮೊದಲು ಹಾಗೇ ತಿಳಿದಿದ್ದೆ.

ಹಾನಗಲ್ಲಿನಲ್ಲಿ ಅವರದೊಂದು ಟೈಪಿಂಗ್ ಶಾಲೆಯಿತ್ತು. ಗೊಬ್ಬರದ ಅಂಗಡಿಯ ಮೇಲಿನ ಕೋಣೆ. ಮೆಟ್ಟಿಲು ಹತ್ತುವಾಗ ಯೂರಿಯಾದ ವಾಸನೆ, ಮೇಲೆ ಹೋದರೆ ಟೈಪ್‌ರೈಟರಿನ ಎಣ್ಣೆ ಮತ್ತು ರಿಬ್ಬನ್ನಿನ ವಾಸನೆ. ಅವರ ಹೆಂಡತಿ ನಾನು ಅಲ್ಲಿಗೆ ಹೋಗುವ ಮೊದಲೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಶಾಲೆಯ ಹಿಂದಿನ ಸಣ್ಣ ಕೋಣೆಯಲ್ಲೇ ಅವರ ವಾಸ, ಅಡಿಗೆ, ನಿದ್ದೆ ಎಲ್ಲ.

ನಾನು ಅವರಲ್ಲಿಗೆ ಹೋದದ್ದು ನನ್ನ ಪ್ರಬಂಧ ಟೈಪು ಮಾಡಿಸಲು. ಧಾರವಾಡದಲ್ಲಿ ಸಮಾಜಶಾಸ್ತ್ರ ಓದಿ, ನಮ್ಮ ಭಾಗದ ವಾರದ ಸಂತೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ಯಾರು ಏನು ಹೇಳಿದರೂ ಅದಕ್ಕೆ ಆಧಾರವೇನು ಎಂದು ಕೇಳುವ ಚಟ ಆಗಲೇ ಹತ್ತಿತ್ತು. ಇಂದಿಗೂ ಬಿಟ್ಟಿಲ್ಲ. ಈಗ ಅದು ಹೆಚ್ಚಾಗಿ ನನ್ನ ನೆನಪಿನ ಮೇಲೆಯೇ ತಿರುಗಿಬೀಳುತ್ತದೆ. ಮಾಸ್ತರರು ಆ ದಪ್ಪ ಹಸ್ತಪ್ರತಿಯನ್ನು ತಿಂಗಳೊಪ್ಪತ್ತಿನಲ್ಲಿ ಮುಗಿಸಿಕೊಟ್ಟರು. ಒಂದು ತಪ್ಪಿರಲಿಲ್ಲ. ನಾನು ಕೈಬರಹದಲ್ಲಿ ಮಾಡಿದ್ದ ತಪ್ಪುಗಳು ಮಾತ್ರ ಇದ್ದವು, ಇದ್ದ ಹಾಗೇ. ಹಮ್ಮಿನಿಂದಲೋ ಆಸೆಯಿಂದಲೋ ನಾನು ಕೇಳಿದೆ, ಹೇಗನ್ನಿಸಿತು ಎಂದು. ಅವರು ಹಾಳೆಗಳನ್ನು ಜೋಡಿಸುತ್ತ ಹೇಳಿದರು.

"ನಾ ಟೈಪ್ ಮಾಡೇನ್ರಿ ಸರ, ಓದಿಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. ಅದು ಅವರ ಶಾಲೆಯ ಮೊದಲ ಪಾಠವೇ ಆಗಿತ್ತು. ಕಣ್ಣಿನಿಂದ ಬಂದ ಅಕ್ಷರ ಸೀದಾ ಬೆರಳಿಗೆ ಹೋಗಬೇಕು, ನಡುವೆ ತಲೆಗೆ ಹೋಗಿ ಕೂರಬಾರದು.

"ಓದಿದಂವ ತಪ್ಪು ಹೊಡೀತಾನ್ರಿ. ಮುಂದ ಏನು ಬರ್ತೈತಿ ನಂಗ ಗೊತ್ತೈತಿ ಅಂತಾನ, ಕಾಗದದಾಗ ಇಲ್ಲದ್ದನ್ನ ಹೊಡದು ಕುಂದರ್ತಾನ."

ಹಾಗೆ ಅವರು ಎಷ್ಟು ಜನರ ಬರಹ ದಾಟಿಸಿದ್ದರೋ. ಪಂಚಾಯ್ತಿಯ ಠರಾವುಗಳು, ವಕೀಲರ ದಾವೆಗಳು, ಕಾಲೇಜು ಮಾಸ್ತರರ ಭಾಷಣಗಳು, ಒಬ್ಬ ನಿವೃತ್ತ ಫೌಜದಾರರ ಇಡೀ ಆತ್ಮಕಥೆ. ಒಂದನ್ನೂ ಓದಿರಲಿಲ್ಲ. ಆ ಫೌಜದಾರರು ಮುಂದೆ ಇವರನ್ನು ಕಂಡಾಗಲೆಲ್ಲ ತಮ್ಮ ಗುಟ್ಟೆಲ್ಲ ಇವರಿಗೆ ಗೊತ್ತು ಎಂದು ಮುಖ ತಪ್ಪಿಸುತ್ತಿದ್ದರಂತೆ. ಇದನ್ನು ಹೇಳಿ ಮಾಸ್ತರರು ಬಹಳ ನಗುತ್ತಿದ್ದರು.

ಹೊಸ ಯಂತ್ರವೆಂದರೆ ಅವರಿಗೆ ಪ್ರಾಣ. ಊರಿನಲ್ಲಿ ಮೊದಲ ವಿದ್ಯುತ್ ಟೈಪ್‌ರೈಟರ್ ಅವರದು. ಒಂದೇ ಸಾಲು ತೋರಿಸುವ ಪುಟ್ಟ ಪರದೆಯ ಟೈಪ್‌ರೈಟರ್ ಬಂದಾಗ ಅದನ್ನೂ ತಂದರು. ಆಮೇಲೆ ಕಂಪ್ಯೂಟರ್. ಅದರ ಪೆಟ್ಟಿಗೆ ಮೆಟ್ಟಿಲು ಹತ್ತುವ ದಿನ ಗೊಬ್ಬರದ ಅಂಗಡಿಯವರು ತೂಕದ ಕೆಲಸ ನಿಲ್ಲಿಸಿ ನೋಡುತ್ತ ನಿಂತಿದ್ದರಂತೆ. ಪ್ರತಿ ಸಲವೂ ಊರವರು, ಮಾಸ್ತರಗ ಹೊಸಾ ಹುಚ್ಚು ಹತ್ತೇತಿ ಎನ್ನುವರು. ಪ್ರತಿ ಸಲವೂ ಮೂರ್ನಾಲ್ಕು ವರ್ಷದಲ್ಲಿ ಅವರೂ ಅದನ್ನೇ ಕೊಳ್ಳುವರು. ನಾನು ಮಾತ್ರ ಒಪ್ಪುತ್ತಿರಲಿಲ್ಲ. ಹಿರೇಕೆರೂರು, ಶಿಗ್ಗಾಂವಿ, ಸವಣೂರು ಎಂದು ಪಾಠ ಹೇಳಲು ಕಾಲೇಜಿನಿಂದ ಕಾಲೇಜಿಗೆ ಅಲೆಯುತ್ತ, ಎಲ್ಲ ಕಡೆ ಬಾಡಿಗೆ ಕೋಣೆಗಳಲ್ಲಿ ಇರುತ್ತ, ವಾರಕ್ಕೊಮ್ಮೆ ಧಾರವಾಡದ ಮನೆಗೆ ಹೋಗುವುದು ತಿಂಗಳಿಗೊಮ್ಮೆಯಾಗಿ, ಅದೂ ತಪ್ಪತೊಡಗಿದ ಕಾಲ ಅದು. ಹಾನಗಲ್ಲಿಗೆ ಹೋಗಲು ನನಗೆ ಬೇರೆ ಕಾರಣ ಇರಲಿಲ್ಲ. ಭಾನುವಾರ ಬೇಸರ ಬಂದರೆ ಬಸ್ಸು ಹತ್ತುತ್ತಿದ್ದೆ. ಅವರ ಹೊಸ ಯಂತ್ರದ ಎದುರು ಕೂತು, ಇದರಿಂದ ಮನುಷ್ಯನಿಗೆ ಏನು ಬಂತು ಎಂದು ವಾದ ಮಾಡುತ್ತಿದ್ದೆ. ನನ್ನ ವಾದವನ್ನು ಅವರ ಬೆರಳುಗಳು ಧೋತರದ ಮೇಲೆ ನಿಷ್ಠೆಯಿಂದ ಟೈಪು ಮಾಡಿಕೊಳ್ಳುತ್ತಿದ್ದವು.

ಟೈಪಿಂಗ್ ಕಲಿಯುವವರು ನಿಂತುಹೋದ ಮೇಲೆ ಟ್ಯಾಬ್ ಬಂತು. ಮೊದಲನೆಯದು ಅಂಗೈಗಿಂತ ತುಸು ದೊಡ್ಡದು, ಅಗ್ಗದ್ದು. ಅದನ್ನು ಅವರು ಮೇಜಿನ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತು, ಪರದೆಯ ಮೇಲೆ ಮೂಡಿದ ಕೀಲಿಮಣೆಯ ನಡುಸಾಲಿನ ಮೇಲೆ ಎಂಟೂ ಬೆರಳು ಇಟ್ಟರು. ಟೈಪಿಂಗ್ ಕಲಿತವರು ಬೇರೆ ಹೇಗೂ ಕೂರಲಾರರು. ಬೆರಳಿಗೆ ಮೊದಲು ಮನೆ ಬೇಕು, ಅಲ್ಲಿಂದ ಹೊರಟು ಅಲ್ಲಿಗೇ ಮರಳಬೇಕು. ಟ್ಯಾಬಿಗೆ ಈ ಶಾಸ್ತ್ರ ತಿಳಿಯದು. ಇಟ್ಟ ಬೆರಳನ್ನೆಲ್ಲ ಅದು ಒತ್ತಿದ್ದೇ ಎಂದು ಭಾವಿಸಿ ಅರ್ಥವಿಲ್ಲದ ಅಕ್ಷರಗಳನ್ನು ಸುರಿಯತೊಡಗಿತು. ಮಾಸ್ತರರು ಬೆರಳೆತ್ತಿದರು, ಇಟ್ಟರು, ಮತ್ತೆ ಸುರಿಯಿತು. ನನಗೆ ಒಳಗೊಳಗೇ ಖುಷಿ. ಇಷ್ಟು ವರ್ಷಕ್ಕೆ ಒಂದು ಯಂತ್ರ ನನ್ನ ಪಕ್ಷಕ್ಕೆ ಬಂತು ಎನಿಸಿತು. ಟೈಪಿಂಗ್ ಮಾಸ್ತರರಿಗೆ ಕೀಲಿಯಿಲ್ಲದ ಯಂತ್ರವೇಕೆ ಎಂದು ಕೆಣಕಿದೆ.

ಅವರು ತುಸು ಹೊತ್ತು ಅದನ್ನೇ ನೋಡಿದರು. "ಇದರ ಮುಂದ ಬೆರಳಿಗೆ ಕುಂದರಾಕ ಜಾಗಾನ ಇಲ್ಲಲ್ರಿ," ಎಂದರು. ದನಿಯಲ್ಲಿ ದೂರು ಇರಲಿಲ್ಲ. ಏನೋ ಸಿಕ್ಕಿದವರ ದನಿ ಅದು ಎಂದು ಈಗ ಅನ್ನಿಸುತ್ತದೆ. ಆಗ ಹಾಗನ್ನಿಸಿತ್ತೇ ಎಂಬುದಕ್ಕೆ ನನ್ನಲ್ಲಿ ಆಧಾರವಿಲ್ಲ.

ಮುಂದಿನ ಸಲ ಹೋದಾಗ ಅವರು ಓದುತ್ತಿದ್ದರು. ವ್ಯಾಸಪೀಠದ ಮೇಲೆ ಟ್ಯಾಬನ್ನು ಒರಗಿಸಿ, ನೆಲದ ಮೇಲೆ ಪದ್ಮಾಸನ ಹಾಕಿ ಕೂತು, ಒಂದು ಕಾದಂಬರಿ. ನಾನು ಬಂದದ್ದು ಅವರಿಗೆ ತಿಳಿಯಲಿಲ್ಲ. ಅಷ್ಟು ವರ್ಷಗಳಲ್ಲಿ ಅವರ ಕೋಣೆಯಲ್ಲಿ ಟೈಪಿನ ಸದ್ದಿಲ್ಲದೆ ನಾನು ಕೂತದ್ದು ಅದೇ ಮೊದಲು. ಅವರ ಬೆರಳುಗಳನ್ನು ನೋಡಿದೆ. ಎಡಗೈ ಟ್ಯಾಬಿನ ಅಂಚು ಹಿಡಿದಿತ್ತು. ಬಲಗೈಯ ಒಂದು ಬೆರಳು ಪರದೆಯ ಬಳಿ ಕಾಯುತ್ತಿತ್ತು. ಉಳಿದವು ಮಡಿಚಿಕೊಂಡು ಸುಮ್ಮನಿದ್ದವು.

ಚಹಾ ಕುಡಿಯುತ್ತ ಅವರೇ ಬಿಡಿಸಿ ಹೇಳಿದರು. ಪುಸ್ತಕ ಓದಲು ಅವರು ಹಿಂದೆಯೂ ಎಷ್ಟೋ ಸಲ ಪ್ರಯತ್ನ ಮಾಡಿದ್ದರಂತೆ. ಹೆಂಡತಿ ತೀರಿಕೊಂಡ ವರ್ಷ, ಸಂಜೆಗಳು ಕಳೆಯದಾದಾಗ, ಗ್ರಂಥಾಲಯದ ಕಾರ್ಡನ್ನೂ ಮಾಡಿಸಿದ್ದರು. ಆದರೆ ಪುಸ್ತಕ ಹಿಡಿದರೆ ರಟ್ಟಿನ ಹಿಂದೆ ಬೆರಳುಗಳು ಟೈಪು ಮಾಡತೊಡಗುತ್ತಿದ್ದವು. ಕಂಡ ಸಾಲೆಲ್ಲ ಬೆರಳಿಗೆ ಇಳಿದು ಹೋಗಿ, ಅಧ್ಯಾಯದ ಕೊನೆಗೆ ಬಂದರೆ ಏನು ನಡೆಯಿತೆಂಬುದೇ ತಲೆಯಲ್ಲಿ ಇರುತ್ತಿರಲಿಲ್ಲ. ಕಲಿಸಿದ ವಿದ್ಯೆ ಬಿಡಲಿಲ್ಲ.

"ಇದರ ಮ್ಯಾಲ ಸುಮ್ಮನ ಬೆರಳು ತಾಕಿದ್ರ ಹಾಳೀನ ಹಾರಿ ಹೋಗತೈತಿ ನೋಡ್ರಿ. ಅದಕ್ಕ ಬೆರಳು ಅಂಜ್ಯಾವ. ಬೆರಳು ಸುಮ್ಮನಾದ್ರ ಅಕ್ಷರ ತಲಿಗೆ ಹೋಗತೈತಿ."

ನಾನು ನಂಬಲಿಲ್ಲ. ಇದು ವೈಜ್ಞಾನಿಕವಾಗಿ ಹೇಗೆ ಸಾಧ್ಯ ಎಂದು ಕೇಳಿದೆ. ಅವರು, ನೀವು ಅದಕ್ಕೊಂದು ಪಿಎಚ್.ಡಿ. ಮಾಡ್ರಿ, ಅಷ್ಟರಾಗ ನಾ ಇದೊಂದು ಅಧ್ಯಾಯ ಮುಗಸ್ತೇನಿ ಎಂದರು.

ಅಲ್ಲಿಂದ ಅವರು ಟ್ಯಾಬಿನ ವಕೀಲರಾದರು. ಫೋನು ಕಿವಿಯದು, ಕಂಪ್ಯೂಟರು ಕಚೇರಿಯದು, ಇದು ತೊಡೆಯದು ಎನ್ನುತ್ತಿದ್ದರು. ಕಂಪ್ಯೂಟರಿನ ಮುಂದೆ ಕೂತರೆ ಯಾರೋ ಕೆಲಸ ಹೇಳಿದ ಹಾಗೆ, ಇದರ ಮುಂದೆ ಕೂತರೆ ಊಟವಾದ ಮೇಲೆ ಜಗಲಿಗೆ ಬಂದು ಕೂತ ಹಾಗೆ ಎನ್ನುತ್ತಿದ್ದರು. ಮಗ್ಗುಲಾದರೆ ತಾನೂ ಮಗ್ಗುಲಾಗುತ್ತದೆ ಎಂದು, ಮಲಗಿ ತಿರುಗಿಸಿ ತೋರಿಸುತ್ತಿದ್ದರು. ಕರೆಂಟು ಹೋದಾಗ ಇಡೀ ಗಲ್ಲಿಯಲ್ಲಿ ಓದುವ ಬೆಳಕು ಅವರ ಕೋಣೆಯಲ್ಲಿ ಮಾತ್ರ. ಮೃದು ಧೋತರದ ತುಂಡಿನಿಂದ ಅದರ ಗಾಜನ್ನು ದಿನಾ ಒರೆಸುವರು. ಅದಕ್ಕೆ ಸಿಮ್ ಹಾಕಿಸಲು ಮಾತ್ರ ಒಪ್ಪಲಿಲ್ಲ. ನಾನು ಕೇಳಿದ್ದಕ್ಕೆ, ಇದು ಯಾರನ್ನೂ ಕರೆಯುವುದಿಲ್ಲ, ಇದನ್ನೂ ಯಾರೂ ಕರೆಯುವುದಿಲ್ಲ, ಹಾಗಿರುವ ಯಂತ್ರ ಇದೊಂದೇ ಎಂದರು. ಅದನ್ನು ಹೊಗಳಿಕೆಯಾಗಿಯೇ ಹೇಳಿದ್ದರು. ನನಗೆ ಕೇಳಲು ಕಷ್ಟವಾಯಿತು. ಭಾನುವಾರ ನನ್ನ ಫೋನೂ ಬಡಿಯುತ್ತಿರಲಿಲ್ಲ.

ಪುಸ್ತಕ ತುಂಬಿಸುವ ಕೆಲಸ ನನಗೆ ಬಂತು. ವಿಶ್ವವಿದ್ಯಾಲಯದ ಗೆಳೆಯರಿಂದ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳ ರಾಶಿಯನ್ನೇ ತಂದು, ಒಂದು ಮೆಮೊರಿ ಕಾರ್ಡಿಗೆ ಗೊಬ್ಬರದ ಚೀಲ ತುಂಬಿದ ಹಾಗೆ ತುಂಬಿಕೊಟ್ಟೆ. ಏನೇನಿತ್ತು ಎಂದು ನನಗೇ ಗೊತ್ತಿರಲಿಲ್ಲ. ಅವರು ಆರಿಸಲಿಲ್ಲ. ಮೊದಲನೆಯದರಿಂದ ಹಿಡಿದು ಸಾಲಾಗಿ ಓದತೊಡಗಿದರು. ಬೇಸಾಯದ ಕೈಪಿಡಿ ಬಂದರೆ ಅದು, ನಾಟಕ ಬಂದರೆ ಅದು, ಪ್ರಸೂತಿ ವಿಚಾರ ಬಂದರೆ ಅದನ್ನೂ. ಫೋನು ಮಾಡಿ, ಒಂದು ಪಾತ್ರ ಸತ್ತದ್ದಕ್ಕೆ ಮರುಗುತ್ತಿದ್ದರು. ಯಾವ ಪುಸ್ತಕ ಎಂದು ಕೇಳಿದರೆ, ಅದೇ, ಬೇಸಾಯದ್ದು ಮುಗಿದ ಮ್ಯಾಲೆ ಬರ್ತೈತಲ್ರಿ ಅದು, ಎನ್ನುವರು.

ಎರಡನೆಯ ಟ್ಯಾಬು ಹಳತಾದಾಗ ಶಿಗ್ಗಾಂವಿಯ ಸಲೀಮನ ಮೊಬೈಲ್ ಅಂಗಡಿಗೆ ಇಬ್ಬರೂ ಹೋಗಿದ್ದೆವು. ನಾನು ಆಗ ಅದೇ ಊರಲ್ಲಿದ್ದೆ. ಈಗ ಟ್ಯಾಬು ಯಾರೂ ಒಯ್ಯುವುದಿಲ್ಲ, ಫೋನುಗಳೇ ದೊಡ್ಡವಾಗಿವೆ, ಫೋನೇ ತಗೊಳ್ಳಿ ಎಂದು ಸಲೀಮ ಪ್ರಾಮಾಣಿಕವಾಗಿಯೇ ಹೇಳಿದ. ನಾನು ಗೆದ್ದವನಂತೆ ಮಾಸ್ತರರ ಮುಖ ನೋಡಿದೆ. ಇದೊಂದು ಯಂತ್ರದ ವಿಷಯದಲ್ಲಿ ಊರು ಅವರ ಹಿಂದೆ ಬರಲಿಲ್ಲ.

"ಮಂದಿ ಬರಲಿ ಅಂತ ನಾ ಯಾವಾಗ ಹೋಗೇನೋ ಸಲೀಮ," ಎಂದರು. "ಇರೂದ್ರಾಗ ದೊಡ್ಡದು ತೋರಸು."

ದೊಡ್ಡದೇ ಏಕೆ ಎಂದು ನನಗೆ ಆಗ ಹೊಳೆಯಲಿಲ್ಲ.

ಅದು ತಿಳಿದದ್ದು ಸವಣೂರಿನ ನನ್ನ ಕೋಣೆಯಲ್ಲಿ. ಅವರು ಬಂದಿದ್ದರು. ನಾನು ಒಳಗೆ ಅವಲಕ್ಕಿ ಕಲಸುತ್ತಿದ್ದೆ. ತಿರುಗಿ ನೋಡಿದರೆ, ಆಚೆ ಗೋಡೆಗೆ ಒರಗಿ ಅವರು ಓದುತ್ತಿದ್ದ ಸಾಲನ್ನು ನಾನು ಒಲೆಯ ಬಳಿಯಿಂದಲೇ ಓದಬಹುದಿತ್ತು. ಪರದೆಯ ಮೇಲೆ ನಾಲ್ಕೈದೇ ಶಬ್ದ. ಓದಿಯೂಬಿಟ್ಟೆ, ಗಟ್ಟಿಯಾಗಿ. ಅವರು ತಟ್ಟನೆ ಟ್ಯಾಬನ್ನು ಎದೆಗೆ ಒತ್ತಿಕೊಂಡರು. ಸ್ನಾನ ಮಾಡುವಾಗ ಬಾಗಿಲು ತೆರೆದಂತೆ ನಾಚಿದರು. ಆಮೇಲೆ ಹೇಳಿದರು, ಕಣ್ಣಿನ ನಡುವೆ ಒಂದು ಮಬ್ಬು ಕಲೆ ಕೂತಿದೆ, ವರ್ಷವಾಯಿತು, ಅಂಚಿನಲ್ಲಿ ಕಾಣುತ್ತದೆ, ನೇರ ನೋಡಿದರೆ ನೋಡಿದ್ದೇ ಇಲ್ಲವಾಗುತ್ತದೆ ಎಂದು.

ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಡಾಕ್ಟರು ಚಿತ್ರ ಬರೆದು ತೋರಿಸಿದರು. ನಡುವಿನ ದೃಷ್ಟಿ ಹೋಗುತ್ತ ಹೋಗುತ್ತದೆ, ಅಂಚು ಉಳಿಯುತ್ತದೆ, ಓಡಾಡಲು ತೊಂದರೆಯಿಲ್ಲ ಎಂದರು. ಓಡಾಡಲು ತೊಂದರೆಯಿಲ್ಲ ಎಂಬುದನ್ನು ಸಮಾಧಾನವಾಗಿ ಹೇಳಿದ್ದರು. ತಿರುಗಿ ಬರುವಾಗ ಬಸ್ಸಿನಲ್ಲಿ ಮಾಸ್ತರರು ಕಿಟಕಿಯ ಪಕ್ಕ ಕೂತರು. ಮುಂದಿನ ಸೀಟಿನ ಬೆನ್ನ ಮೇಲೆ ಬೆರಳಿದ್ದವು. ಅವು ಆಡಲಿಲ್ಲ. ಬಂಕಾಪುರ ದಾಟಿದ ಮೇಲೆ ಹೇಳಿದರು.

"ನಾ ಎಲ್ಲಿಗೆ ಓಡ್ಯಾಡ್ಲಿರಿ ಸರ. ಮಂದಿ ಎಲ್ಲಾ ಓದಿ ಮುಗಿಸೋ ವಯಸ್ಸಿನ್ಯಾಗ ನಾ ಚಾಲೂ ಮಾಡೇನಿ. ಇನ್ನ ಕಾರ್ಡಿನ್ಯಾಗ ಎಷ್ಟ ಉಳದಾವು."

ಆಮೇಲಿನದೆಲ್ಲ ಅಕ್ಷರ ದೊಡ್ಡದಾಗುತ್ತ ಹೋದ ಕತೆ. ಸಲೀಮ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬರುವಂತೆ ಮಾಡಿಕೊಟ್ಟ. ನಮ್ಮ ಕಾಲದ ಬಳಪದ ಪಾಟಿಯ ಹಾಗಾಯಿತು ಎಂದು ಮಾಸ್ತರರು ಹಿಗ್ಗಿದರು. ಎರಡು ಬೆರಳಿನಿಂದ ಹಿಗ್ಗಿಸಿದಷ್ಟೂ ಹಿಗ್ಗುವ ಪುಸ್ತಕ ಬೇರೆ ಎಲ್ಲಿದೆ ಎಂದು ನನ್ನನ್ನೇ ಕೇಳುವರು. ಒಂದು ಸಾಲಿದ್ದದ್ದು ಒಂದು ಶಬ್ದವಾಯಿತು. ತಲೆಯನ್ನು ಓರೆ ಮಾಡಿ, ಕೋಳಿ ಕಾಳು ನೋಡುವಂತೆ ಕಣ್ಣಿನ ಅಂಚಿನಿಂದ ನೋಡುವರು. ಪುಟ ತಿರುವಲು ಅರ್ಧ ದಿನ ಬೇಕಾಗುತ್ತಿತ್ತು.

ನನಗೆ ಇದನ್ನು ನೋಡಲಾಗುತ್ತಿರಲಿಲ್ಲ. ಸುಮ್ಮನೆ ಕೂರುವ ಸ್ವಭಾವ ನನ್ನದಲ್ಲ. ಸಲೀಮನಿಗೆ ಹೇಳಿ, ಟ್ಯಾಬು ತಾನೇ ಓದಿ ಹೇಳುವ ಏರ್ಪಾಡು ಮಾಡಿಸಿದೆ. ಒಬ್ಬ ಹೆಂಗಸಿನ ದನಿ, ಎಲ್ಲೂ ಉಸಿರು ತೆಗೆಯದೆ, ಅಲ್ಪವಿರಾಮಕ್ಕೂ ಸಾವಿಗೂ ಒಂದೇ ಧಾಟಿಯಲ್ಲಿ ಓದಿಕೊಂಡು ಹೋಯಿತು. ಮಾಸ್ತರರು ಮರ್ಯಾದೆಯಿಂದ ಕೇಳಿದರು. ಸಲೀಮನಿಗೆ ಉಪಕಾರವೆಂದರು. ಹೊರಗೆ ಬಂದ ಮೇಲೆ ಅದನ್ನು ಬಂದ್ ಮಾಡಿಕೊಡಲು ನನಗೆ ಹೇಳಿದರು. ದನಿ ಸರಿಯಿಲ್ಲದಿದ್ದರೆ ನಾನೇ ವಾರಕ್ಕೆರಡು ದಿನ ಬಂದು ಓದುತ್ತೇನೆ ಎಂದೆ. ಮನಸ್ಸಿನಿಂದಲೇ ಹೇಳಿದ್ದೆ. ಭಾನುವಾರಗಳಿಗೆ ಒಂದು ಕೆಲಸ ಸಿಕ್ಕೀತು ಎಂಬ ಆಸೆಯೂ ಇತ್ತು. ಮರುವಾರ ಹೋಗಿ ಓದಿದೆ. ಅರ್ಧ ಪುಟವಾಗಿರಬೇಕು. ಅವರು ತಮ್ಮ ತೊಡೆಯ ಕಡೆ ತೋರಿಸಿದರು. ಹತ್ತು ಬೆರಳೂ ಹುರುಪಿನಿಂದ ಟೈಪು ಮಾಡುತ್ತಿದ್ದವು.

"ಕಿವೀಲೆ ಬಂದದ್ದು ಇಲ್ಲಿಗೇ ಹೋಗತೈತ್ರಿ," ಎಂದರು. "ನೀವು ಛಲೋ ಓದಾಕತ್ತೀರಿ. ನನಗ ಒಂದಕ್ಷರ ಮುಟ್ಟವಲ್ದು."

ಬಹಳ ಹೊತ್ತು ಇಬ್ಬರೂ ಆ ಬೆರಳುಗಳನ್ನು ನೋಡುತ್ತ ಕೂತೆವು, ಬೇರೆ ಯಾರದೋ ಎಂಬಂತೆ. ಅವುಗಳನ್ನು ಸುಮ್ಮನಾಗಿಸುವುದು ಆ ಗಾಜಿನ ಹಾಳೆಯೊಂದೇ. ಅದರ ಮೇಲಿನ ಅಕ್ಷರ ಕಾಣುವವರೆಗೆ ಅವರು ಓದಬಹುದು, ಆಮೇಲೆ ಇಲ್ಲ. ನಾನು, ಸಲೀಮ, ಆ ಯಂತ್ರದೊಳಗಿನ ಹೆಂಗಸು, ಯಾರೂ ಅಲ್ಲಿ ಕೆಲಸಕ್ಕೆ ಬರುವಂತಿರಲಿಲ್ಲ.

ಹಾನಗಲ್ಲಿನ ಕೋಣೆ ಬಿಟ್ಟು ಅವರು ಅಬಲೂರಿಗೆ, ತಂಗಿಯ ಮನೆಗೆ ಹೋದರು. ತಂಗಿ ಗೌರಕ್ಕ ಗಂಡ ತೀರಿಕೊಂಡವಳು, ಹೊಲವನ್ನು ತಾನೇ ನೋಡಿಕೊಳ್ಳುವವಳು, ಅಣ್ಣನಿಗಿಂತ ಮಾತು ಜೋರು. ಅಣ್ಣನ ಓದಿನ ಮೇಲೆ ಆಕೆಗೆ ಪ್ರೀತಿಯೂ ಇತ್ತು, ಸಿಟ್ಟೂ ಇತ್ತು. ಇಡೀ ಊರಲ್ಲಿ ಮಾತಾಡಿಸುವವರಿದ್ದಾರೆ, ಕಟ್ಟೆಗೆ ಹೋಗಿ ಕೂರಬಾರದೇ ಎನ್ನುವಳು. ನಾನು ಹೋದಾಗಲೆಲ್ಲ ಮೊದಲು ದೂರು, ಆಮೇಲೆ ಚಹಾ.

"ಒಂದ ಅಕ್ಷರ ದಾಟೂದ್ರಾಗ ಒಂದ ವಾಟಿ ಚಾ ಆರಿ ಹೋಗತೈತ್ರಿ. ಕಾಸಿ ಕಾಸಿ ನನಗ ಸಾಕಾಗೇತಿ. ನೀವರ ಹೇಳ್ರಿ ಅವಗ."

ಅಲ್ಲಿನ ಹಳೆಯ ಗುಡಿಯ ಅಂಗಳದಲ್ಲಿ ಶಾಸನದ ಕಲ್ಲುಗಳಿವೆ. ಒಂದು ಸಂಜೆ ಮಾಸ್ತರರು ಅಲ್ಲಿಗೆ ಹೋಗಿ, ಕಲ್ಲಿಗೆ ಮುಖ ಹತ್ತಿರ ತಂದು, ಹೆಬ್ಬೆರಳು ತೋರುಬೆರಳನ್ನು ಒಂದು ಅಕ್ಷರದ ಮೇಲಿಟ್ಟು ಮೆಲ್ಲಗೆ ಅಗಲಿಸಿದರು. ಕಲ್ಲು ಹಿಗ್ಗಲಿಲ್ಲ. ಮತ್ತೊಮ್ಮೆ ಅಗಲಿಸಿದರು. ಆಮೇಲೆ ತಾವು ಮಾಡುತ್ತಿರುವುದೇನೆಂದು ಹೊಳೆದು, ಕಂಬ ಹಿಡಿದುಕೊಂಡು ನಕ್ಕರು. ಆ ನಗು ನನ್ನ ಕಿವಿಯಲ್ಲೇ ಇದೆ. ಸಂಜೆಯ ಬಿಸಿಲು ಆ ಕಲ್ಲಿನ ಮೇಲೆ ಓರೆಯಾಗಿ ಬಿದ್ದದ್ದೂ ಕಣ್ಣ ಮುಂದಿದೆ. ಆದರೆ ಗೌರಕ್ಕ, ಆ ದಿನ ನೀವು ಬಂದೇ ಇರಲಿಲ್ಲ, ನಾನು ಫೋನಿನಲ್ಲಿ ಹೇಳಿದ್ದು ಎನ್ನುತ್ತಾಳೆ. ಆಕೆಗೆ ಸುಳ್ಳು ಹೇಳುವ ಅಗತ್ಯವಿಲ್ಲ. ಇಷ್ಟು ಸ್ಪಷ್ಟವಾಗಿ ಕಂಡದ್ದನ್ನು ನಾನು ನೋಡಿಲ್ಲ ಎಂದಾದರೆ, ಮಾಸ್ತರರ ಬಗ್ಗೆ ಇಲ್ಲಿಯವರೆಗೆ ಬರೆದದ್ದರಲ್ಲಿ ನಾನು ಕಂಡದ್ದೆಷ್ಟು, ಕಟ್ಟಿದ್ದೆಷ್ಟು? ಒಂಟಿಯಾಗಿರುವವನು ತನಗೆ ಬೇಕಾದ ಜೊತೆಯನ್ನು ನೆನಪಿನಲ್ಲಿ ಮಾಡಿಕೊಳ್ಳುತ್ತಾನೆ. ಇದಕ್ಕೆ ಆಧಾರ ಕೇಳುವವರಿಗೆ ನನ್ನನ್ನೇ ತೋರಿಸಬಹುದು.

ಮಾಸ್ತರರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ನಾಲ್ಕು ದಿನದ ಜ್ವರ. ನಾನು ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ತಿಂಗಳ ಮೇಲೆ ಗೌರಕ್ಕನಿಗೆ ಫೋನು ಮಾಡಿ, ಅವರು ಕೊನೆಗೆ ಓದುತ್ತಿದ್ದ ಪುಸ್ತಕ ಯಾವುದು, ನೋಡಿ ಹೇಳಲಾಗುತ್ತದೆಯೇ ಎಂದು ಕೇಳಿದೆ. ಟ್ಯಾಬು ಹಚ್ಚಿದರೆ ಹತ್ತುತ್ತಿಲ್ಲ ಎಂದಳು. ನಾನು ತುಂಬಿಕೊಟ್ಟ ಆ ರಾಶಿಯ ಪ್ರತಿ ನನ್ನ ಬಳಿ ಇಲ್ಲ. ಇದ್ದರೂ ಎಲ್ಲಿಂದ ಹುಡುಕಲಿ.

ಏಕೆಂದರೆ ನನಗೆ ಗೊತ್ತಿರುವುದು ಅರ್ಧ ವಾಕ್ಯ ಮಾತ್ರ. ಅದು ನಮ್ಮ ಕೊನೆಯ ಭೇಟಿ. ಬೇಸಿಗೆ, ಮಧ್ಯಾಹ್ನ. ಅಂಗಳದಲ್ಲಿ ಗೌರಕ್ಕ ಗೋವಿನಜೋಳ ಹರವಿದ್ದಳು. ಕಾಲಿಡಲು ಜಾಗವಿರಲಿಲ್ಲ, ಅಂಚಿನಲ್ಲಿ ಗೋಡೆ ಹಿಡಿದು ದಾಟಿದೆ. ಒಳಕೋಣೆಯ ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿದ್ದರು, ಗಾಜಿನ ಮೇಲೆ ಬೆಳಕು ಬೀಳಬಾರದೆಂದು. ಬಾಗಿಲಿಗೆ ಬೆನ್ನು ಮಾಡಿ ಮಾಸ್ತರರು ಕೂತಿದ್ದರು. ಬಹಳ ಸಣ್ಣಗಾಗಿದ್ದರು. ನನ್ನ ಹೆಜ್ಜೆಯ ಸದ್ದಿಗೆ, ಬರ್ರಿ ಪ್ರೊಫೆಸರ್ರ, ಕುಂದರ್ರಿ ಎಂದರು, ತಿರುಗದೆ.

ಕರಿ ಪರದೆಯ ತುಂಬ ಒಂದೇ ಒಂದು ಅಕ್ಷರವಿತ್ತು. ಬಿಳಿ, ಗುಂಡಗೆ, ಚಪ್ಪಲಿಯಷ್ಟು ದೊಡ್ಡದು. ಅವರು ತಲೆ ಓರೆ ಮಾಡಿ ಅದರ ಸುತ್ತ ಕಣ್ಣಾಡಿಸಿದರು, ಒಂದು ಹೊಲವನ್ನು ಬದುವಿನ ಮೇಲೆ ನಡೆದು ಸುತ್ತುವ ಹಾಗೆ. ಆಮೇಲೆ ತುಟಿ ಅಲುಗಿಸಿದರು. ಬೆರಳು ಸರಿಸಿದರು. ಮುಂದಿನ ಅಕ್ಷರ ಅರ್ಧ ಬಂತು, ಹಿಂದೆ ತಂದರು, ಪೂರ್ತಿ ಬಂತು. ಹೀಗೆ ಹೊಳೆಯೊಂದು ಬಂತು, ದೋಣಿಯೊಂದು ಬಂತು, ದೋಣಿಯಲ್ಲಿ ಕೂತ ಯಾರೋ ಒಬ್ಬ ಕೈ ನೀರಿಗಿಟ್ಟ. ಪ್ರವಾಸದ ಪುಸ್ತಕವೋ, ಕಾದಂಬರಿಯೋ, ಮಕ್ಕಳ ಪಾಠವೋ ನನಗೆ ತಿಳಿಯಲಿಲ್ಲ. ಒಬ್ಬ ಮನುಷ್ಯ ನೀರಿಗೆ ಕೈ ಇಡಲು ಅಷ್ಟು ಹೊತ್ತು ಹಿಡಿದದ್ದನ್ನು ನಾನು ಎಲ್ಲೂ ಕಂಡಿಲ್ಲ.

ಕೈಯಿಟ್ಟ ಮೇಲೆ, 'ಹೊಳೆಯ' ಎಂದಾಯಿತು. ಆಮೇಲೆ ಒಂದು 'ಆ' ಬಂತು. ತಡೆಯಲಾರದೆ ನಾನು, ಹೊಳೆಯ ಆಚೆ, ಎಂದುಬಿಟ್ಟೆ.

ಮಾಸ್ತರರು ಕೈಯೆತ್ತಿದರು. ತರಗತಿಯಲ್ಲಿ ಗದ್ದಲ ನಿಲ್ಲಿಸಲು ಎತ್ತುತ್ತಿದ್ದ ಕೈ.

"ಮುಂದ ಹೋಗಬ್ಯಾಡ್ರಿ ಸರ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ಇನ್ನೂ ಅಲ್ಲಿಗೆ ಬಂದಿಲ್ಲ."

ಬೆರಳು ಸರಿಸಿದರು. ಬಂದದ್ದು 'ಳ'. ಹೊಳೆಯ ಆಳ. ಅವರು ಆ ಶಬ್ದವನ್ನು ಒಮ್ಮೆ ಮೆಲ್ಲಗೆ ಅಂದುಕೊಂಡರು, ಬಾಯಲ್ಲಿಟ್ಟು ನೋಡುವವರ ಹಾಗೆ. ಅವರ ಮುಖದಲ್ಲಿ ಮೂಡಿದ ಸಂತೋಷ ನನಗೆ ಪಕ್ಕದಿಂದ ಕಾಣುತ್ತಿತ್ತು. ಇಷ್ಟು ಓದಿದ ನಾನು ಯಾವ ಶಬ್ದಕ್ಕೂ ಹಾಗೆ ಸಂತೋಷಪಟ್ಟ ನೆನಪಿಲ್ಲ. ಹೊರಗೆ ಗೌರಕ್ಕ ಕೋಳಿ ಓಡಿಸುತ್ತಿದ್ದಳು. ಚಹಾ ಅವರ ಪಕ್ಕದಲ್ಲಿ ಕೆನೆಗಟ್ಟಿತ್ತು. ನಾನು ಕೂತಲ್ಲೇ ಮಗ್ಗುಲು ಬದಲಿಸಿದೆ, ಮತ್ತೆ ಬದಲಿಸಿದೆ. ನನಗೆ ಸುಮ್ಮನಿರಲು ಆಗುತ್ತಿಲ್ಲವೆಂಬುದು ಅವರಿಗೆ ನೋಡದೆಯೇ ತಿಳಿಯಿತು.

"ನೀವು ಹೋಗಿ ಬರ್ರಿ. ಹಿರೇಕೆರೂರ ಬಸ್ಸಿನ ವ್ಯಾಳ್ಯಾ ಆತು. ಇದು ಇವತ್ತ ಮುಗಿಯೂದಲ್ಲ."

ಮುಂದಿನದನ್ನು ಮುಂದಿನ ಸಲ ಬಂದಾಗ ಹೇಳಿ ಎಂದೆ. ಹೂಂ ಎಂದರು. ನಾನು ಹೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ. ಎದ್ದು ಬಾಗಿಲಿಗೆ ಬಂದೆ. ಅಲ್ಲಿ ನಿಂತು ಒಮ್ಮೆ ತಿರುಗಿದೆ. ಕತ್ತಲಲ್ಲಿ ಅವರ ಬೆನ್ನು, ಓರೆಯಾದ ತಲೆ, ಅದರಾಚೆ ಬೆಳಗುವ ಪರದೆ. ಬೆರಳು ಸರಿಯಿತು. ಇನ್ನೊಂದು ಅಕ್ಷರ ಬರತೊಡಗಿತು. ಅಲ್ಲಿಂದಲೂ ನಾನು ಅದನ್ನು ಸುಲಭವಾಗಿ ಓದಬಹುದಿತ್ತು, ಅವರಿಗಿಂತ ಮೊದಲೇ.

ಮುಖ ತಿರುಗಿಸಿಕೊಂಡು ಅಂಗಳಕ್ಕಿಳಿದೆ.